ತೊಗರಿ ಕೂಳೆಯ ಮೇಲೆ ನಾಲ್ಕು ಗಾಲಿ

ಜೇವರ್ಗಿ ಕಡೆಯ ಕೊಳಕೂರಿನ ನಮ್ಮ ಅಕ್ಕನ ಮನೆಯಲ್ಲಿ ದಿನ ಬಿಟ್ಟು ದಿನ ಬೆಳಗ್ಗೆ ಒಂದೇ ಮಾತುಕತೆ ನಡೆಯುತ್ತದೆ. ಅಕ್ಕನ ಗಂಡ, ನಾವು ಮಾಮಾ ಎನ್ನುತ್ತೇವೆ, ಪಡಸಾಲೆಯ ಹೊರಸಿನ ಮೇಲೆ ಕೂತು ಕೇಳುತ್ತಾರೆ. ಅಕ್ಕ ಅಂಗಳದಲ್ಲಿ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಉತ್ತರ ಕೊಡುತ್ತಾಳೆ.

“ಹವಾ ನೋಡಿದೇನ ಬೇ?”

“ನೋಡೇನ್ರಿ.”

“ನಾಕೂ?”

“ಐದೂ ನೋಡೇನಿ. ಸ್ಟೆಪ್ನಿ ನಿಮ್ಮ ಲೆಕ್ಕದಾಗ ಬರಂಗಿಲ್ಲೇನು?”

“ನಟ್?”

“ಬಿಗಿ ಅವ.”

“ಟಾಯರ್ ಸಂದಿಯೊಳಗ ಕಲ್ಲ ಏನರ ಸಿಕ್ಕಾವೇನು?”

“ಒಂದ ಸಿಕ್ಕಿತ್ತು, ಕಿತ್ತ ಒಗದೇನಿ. ಗಾಡಿ ತಯಾರದ. ಇನ್ನ ನೀವು ಅಂಗಿ ಹಾಕ್ಕೊಂಡ್ರ ಹೊಂಡತದ.”

ಮಾಮಾ ಆಗ ಅಂಗಿ ಹಾಕಿಕೊಳ್ಳುತ್ತಾರೆ. ಅವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಕಲಬುರಗಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಊರವರು ಅದನ್ನು ‘ರಕ್ತ ತೊಳಸೋದು’ ಎನ್ನುತ್ತಾರೆ. ಶುರುವಾದ ವರ್ಷ ಹಳ್ಳ ಬಂದು ದಾರಿ ಕಟ್ಟಿ ಒಂದು ಸರದಿ ತಪ್ಪಿತ್ತು. ಮರುದಿನ ಅವರಿಗೆ ಮಲಗಲು ಆಗಲಿಲ್ಲ. ಗೋಡೆಗೆ ಒರಗಿ ಕೂತು, ಬಾಯಿ ತೆರೆದು ಉಸಿರೆಳೆದುಕೊಂಡರು. ಕಾಲು, ಮುಖ ಊದಿಕೊಂಡಿದ್ದವು. ಅದನ್ನು ಕಂಡ ಮೇಲೆ ಅಕ್ಕ ಯಾರ ಸಲಹೆಯನ್ನೂ ಕೇಳಲಿಲ್ಲ. ಬಸ್ಸಿನಲ್ಲಿ ಒಮ್ಮೆ ಕರೆದುಕೊಂಡು ಹೋಗಿ ನೋಡಿದ್ದಳು. ಬರುವಾಗ ಮಾಮಾ ಸೀಟಿನಲ್ಲೇ ಎಚ್ಚರ ತಪ್ಪಿದ್ದರು. ಊರಿನ ಬಾಡಿಗೆ ಜೀಪು ಮದುವೆಯ ತಿಂಗಳಲ್ಲಿ ಸಿಗುತ್ತಿರಲಿಲ್ಲ.

“ನಿನ್ನ ಕಾರ್ ಕೊಡು ತಮ್ಮಾ, ನಾನೇ ಹೊಡೀತೇನಿ” ಎಂದಳು. ಆಗ ಅವಳಿಗೆ ಐವತ್ತು ದಾಟಿತ್ತು. ಅಲ್ಲಿಯವರೆಗೆ ಎತ್ತಿನ ಬಂಡಿ ಬಿಟ್ಟು ಬೇರೆ ಯಾವ ವಾಹನದ ಮುಂದಿನ ಜಾಗದಲ್ಲೂ ಕೂತವಳಲ್ಲ. ಹೊಲದ ದಾರಿಯಲ್ಲೇ ಕಲಿತಳು. ಲೈಸೆನ್ಸೂ ಮಾಡಿಸಿಕೊಂಡಳು.

ಕಾರು ಹಳೆಯದು, ಬಿಳಿ, ಸಣ್ಣದು. ನಾನು ಆಳಂದದಲ್ಲಿದ್ದುಕೊಂಡು ಪತ್ರಿಕೆಗೆ ಸುದ್ದಿ ಬರೆಯುವವನು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಸುತ್ತಿದ ಕಾರು ಅದು. ಈ ಮೂರು ತಾಲ್ಲೂಕುಗಳನ್ನು ನಾನು ಟೈರಿನ ಮೇಲೆ ಬೇರೆ ಬೇರೆ ಗುರುತಿಸಬಲ್ಲೆ. ಆಳಂದದ ಗರಸಿನ ದಾರಿ ಟೈರನ್ನು ಅರದಂತೆ ಉಜ್ಜುತ್ತದೆ. ಅಫಜಲಪುರದ ಕಡೆ ಕಬ್ಬಿನ ಹಂಗಾಮಿನಲ್ಲಿ ಟ್ರಾಲಿಗಳಿಂದ ಉದುರಿದ ಮೊಳೆ, ತಂತಿ ಚುಚ್ಚುತ್ತವೆ. ಜೇವರ್ಗಿಯ ಎರೆಮಣ್ಣು ಚುಚ್ಚುವುದೂ ಇಲ್ಲ, ಉಜ್ಜುವುದೂ ಇಲ್ಲ. ಹತ್ತಿಕೊಂಡರೆ ಬಿಡುವುದಿಲ್ಲ, ಅಷ್ಟೆ.

ಆ ಮಣ್ಣಿನದೇ ಒಂದು ಪಾಠ ಅಕ್ಕನಿಗೆ ಮೊದಲು ಹೇಳಿದ್ದೆ. ಒಂದು ಮಳೆಗಾಲ ಜೇವರ್ಗಿ ಕಡೆಯ ಹೊಲಗಳಲ್ಲಿ ನೀರು ನಿಂತ ಸುದ್ದಿಗೆ ಹೋಗಿ ಬಂದಿದ್ದೆ. ಎರಡು ದಿನ ಬಿಟ್ಟು ಡಾಂಬರು ರಸ್ತೆಯಲ್ಲಿ ವೇಗ ಹೆಚ್ಚಿಸಿದರೆ ಸ್ಟೇರಿಂಗ್ ಗಡಗಡ ನಡುಗತೊಡಗಿತು. ಆಳಂದದಲ್ಲಿ ಗಾಲಿಗಳ ಅಲೈನ್‌ಮೆಂಟ್ ನೋಡಿಸಿದೆ, ಸರಿಯಾಗಿತ್ತು. ಕೊನೆಗೆ ಗಾಲಿ ಬಿಚ್ಚಿ ನೋಡಿದರೆ ರಿಮ್ಮಿನ ಒಳಮೈಯಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ, ಎರೆಮಣ್ಣು ಒಂದೇ ಬದಿಗೆ ಒಣಗಿ ಇಟ್ಟಿಗೆಯಂತೆ ಕೂತಿತ್ತು. ಇಷ್ಟು ಭಾರ ಒಂದು ಬದಿಗಿದ್ದರೆ ಗಾಲಿ ನಡುಗದೆ ಇನ್ನೇನು ಮಾಡೀತು? ಇದನ್ನು ಕೇಳಿದ ಅಕ್ಕ ಅಂದಿನಿಂದ ಗಾಲಿಯ ಹೊರಮೈ ನೋಡಿ ಸುಮ್ಮನಾಗುವುದಿಲ್ಲ. ಒಳಗೆ ಕೈ ಹಾಕಿ ಸವರಿ ನೋಡುತ್ತಾಳೆ.

ಆ ಕೈಯೇ ಈ ಸಲದ ಎಳ್ಳ ಅಮಾವಾಸ್ಯೆಯಂದು ಕೆಲಸಕ್ಕೆ ಬಂತು.

ಎಳ್ಳ ಅಮಾವಾಸ್ಯೆಯಂದು ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ. ಸಜ್ಜೆ ಕಡಬು, ಎಳ್ಳು ಹೋಳಿಗೆ, ಎಲ್ಲಾ ಕಾಳು ಕಾಯಿಪಲ್ಲೆ ಕೂಡಿಸಿ ಮಾಡಿದ ಭಜ್ಜಿ, ಅಂಬಲಿ ಎಲ್ಲಾ ಕಟ್ಟಿಕೊಂಡು ಜನ ಹೊಲಕ್ಕೆ ಹೋಗುತ್ತಾರೆ. ನಿಂತ ಜೋಳದ ಬೆಳೆಯ ಸುತ್ತ ಚರಗ ಚೆಲ್ಲುತ್ತಾರೆ, ಎಂದರೆ ಭೂಮಿಗೆ ಮೊದಲ ತುತ್ತು ಉಣಿಸುತ್ತಾರೆ. ಆಮೇಲೆ ಗಿಡದ ಕೆಳಗೆ ಕೂತು ಉಣ್ಣುತ್ತಾರೆ. ಆ ದಿನ ಹೊಲದ ಹತ್ತಿರ ಹಾದು ಹೋಗುವವನನ್ನೂ ಉಣಿಸದೆ ಬಿಡುವುದಿಲ್ಲ.

ಮಾಮಾ ಹಾಸಿಗೆ ಹಿಡಿದ ಮೇಲೆ ಹೊಲಕ್ಕೆ ಹೋಗಿರಲಿಲ್ಲ. ಈ ಸಲ ಹಟ ಹಿಡಿದರು. “ಬನ್ನಿಗಿಡದ ಬುಡಕ ಕೂತು ಉಣ್ಣಬೇಕು. ಒಡ್ಡಿನ ಮ್ಯಾಲ ಕೂತು ಉಂಡ್ರ ಅದು ಊಟ ಅಲ್ಲ” ಎಂದರು. ಒಡ್ಡಿನವರೆಗೆ ಕಾರು ಹೋಗುತ್ತದೆ. ಅಲ್ಲಿಂದ ಬನ್ನಿಗಿಡದ ತನಕ ತೊಗರಿಯ ಹೊಲ. ತೊಗರಿ ಮೊದಲೇ ಕೊಯ್ದಿದ್ದರು. ಬರೀ ಕೂಳೆ, ಕೊಯ್ದು ಉಳಿದ ಬುಡದ ಕಡ್ಡಿ, ನಿಂತಿತ್ತು. ಅಷ್ಟು ದೂರ ನಡೆಯುವ ಶಕ್ತಿ ಮಾಮಾನ ಕಾಲಿಗಿರಲಿಲ್ಲ.

“ಸೀದಾ ಹೊಡಿ” ಎಂದರು ಮಾಮಾ, ಮುಂದಿನ ಸೀಟಿನಿಂದ ಕೈ ತೋರಿಸುತ್ತ. “ನಮ್ಮ ಬಂಡಿ ಇಲ್ಲೇ ಹೋಗ್ತಿತ್ತು. ವರ್ಷಾ ಇದೇ ದಾರಿ.”

ಅಕ್ಕ ಸೀದಾ ಹೊಡೆದಳು. ಹಬ್ಬಕ್ಕೆಂದು ಬಂದಿದ್ದ ನಾನೂ ಹಿಂದೆ ಕೂತಿದ್ದೆ. ಮೂವರೂ ಈ ಭೂಮಿಯಲ್ಲಿ ಹುಟ್ಟಿ ಬೆಳೆದವರು. ಕುಡುಗೋಲಿನಿಂದ ಓರೆಯಾಗಿ ಕೊಯ್ದ ತೊಗರಿ ಕೂಳೆ ಒಣಗಿದ ಮೇಲೆ ಮೊಳೆಗಿಂತ ಕೆಟ್ಟದ್ದು, ಚಪ್ಪಲಿ ದಾಟಿ ಕಾಲಿಗೆ ಇಳಿಯುತ್ತದೆ ಎಂಬುದು ಮೂವರಿಗೂ ಗೊತ್ತು. ಆದರೆ ಬಂಡಿ ಹೋದ ದಾರಿ ಎಂದಾಗ ಯಾರಿಗೂ ಅನುಮಾನ ಬರಲಿಲ್ಲ. ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಇರುತ್ತಿತ್ತು. ಕಾರಿನ ಗಾಲಿಗೆ ರಬ್ಬರಿನ ತೆಳು ಪಕ್ಕೆ. ಕೂಳೆ ಪಟಪಟ ಮುರಿಯುವ ಸದ್ದು ಕೇಳಿತು. ಅದು ಹಬ್ಬದ ಸದ್ದೇ ಅನ್ನಿಸಿತು.

ಊಟ ಚೆನ್ನಾಗಿ ಆಯಿತು. ಮಾಮಾ ಗಿಡಕ್ಕೆ ಒರಗಿ ಕೂತು, ಅವರಿಗೆ ವೈದ್ಯರು ಬಿಟ್ಟಷ್ಟನ್ನೇ ಉಂಡರು. ಅಂಬಲಿಯ ಕಡೆ ಎರಡು ಸಲ ನೋಡಿದರು, ಅಕ್ಕ ಗಡಿಗೆ ದೂರ ಸರಿಸಿದಳು. ಮರುದಿನ ಬೆಳಗ್ಗೆ ಡಯಾಲಿಸಿಸ್ ಸರದಿ ಇತ್ತು. ಬೇಗ ಮನೆ ಸೇರಬೇಕೆಂದು ಅಕ್ಕ ಎದ್ದು ಕಾರಿನ ಸುತ್ತ ಹೋದಳು. ಹೊರಡುವ ಮೊದಲು ನೋಡುವುದು ರೂಢಿ. ಎಡಗಡೆಯ ಮುಂದಿನ ಗಾಲಿ ಪಕ್ಕೆ ಸೀಳಿ ಅರ್ಧ ಕುಸಿದಿತ್ತು. ಅದನ್ನು ನಾನೂ ಕಂಡೆ. ಬಲಗಡೆಯ ಹಿಂದಿನ ಗಾಲಿ ನನ್ನ ಕಣ್ಣಿಗೆ ಸರಿಯಾಗಿಯೇ ಇತ್ತು. ಅಕ್ಕ ಅದರ ಒಳಮೈಗೆ ಕೈ ಹಾಕಿ ಸವರಿದಳು. ಕೈ ನಿಂತಿತು.

“ಇಲ್ಲೊಂದು ಮುರಕೊಂಡು ಕೂತದ” ಎಂದಳು.

ಬಗ್ಗಿ ನೋಡಿದೆ. ಟೈರಿನ ಪಕ್ಕೆಯಲ್ಲಿ, ನೆಲ ಮುಟ್ಟದ ಜಾಗದಲ್ಲಿ, ತೊಗರಿ ಕೂಳೆಯ ತುಂಡೊಂದು ಇಳಿದು ಮುರಿದಿತ್ತು. ತಾನು ಮಾಡಿದ ತೂತಿಗೆ ತಾನೇ ಬಿರಡೆಯಾಗಿ ಕೂತಿತ್ತು. ಟ್ಯೂಬ್ ಇಲ್ಲದ ಟೈರುಗಳಲ್ಲಿ ಹೀಗಾಗುತ್ತದೆ. ಹವಾ ಹೋಗುವುದಿಲ್ಲ. ತುಂಡು ಅಲುಗುವವರೆಗೆ ಎಲ್ಲಾ ಸರಿ ಇದ್ದಂತೆ ಕಾಣುತ್ತದೆ. ನೆಲ ತುಳಿಯುವ ಮೈಗೆ ಚುಚ್ಚಿದ್ದರೆ ಪಂಕ್ಚರ್ ಹಾಕಬಹುದು. ಪಕ್ಕೆಗೆ ಚುಚ್ಚಿದರೆ ಟೈರು ಮುಗಿಯಿತು, ಯಾವ ಪ್ಯಾಚೂ ಅಲ್ಲಿ ನಿಲ್ಲುವುದಿಲ್ಲ.

ಎರಡು ಗಾಲಿ ಹೋಗಿದ್ದವು. ಸ್ಟೆಪ್ನಿ ಒಂದು.

ಬಾಜು ಹೊಲದ ರೈತ ಕೈ ತೊಳೆದುಕೊಂಡು ಬಂದ. ಹಿಂದಿನ ಗಾಲಿ ನೋಡಿ, “ಇದಕ್ಕೇನಾಗೇದ್ರಿ ಅಕ್ಕಾರ? ಹವಾ ಹೋಗಿಲ್ಲಲ್ಲ. ಹಂಗೇ ಬಿಡ್ರಿ, ಕೀಳಬ್ಯಾಡ್ರಿ. ನಾಳಿ ಹೋಗಿ ಬಂದ ಮ್ಯಾಲ ನೋಡಿದ್ರಾತು” ಎಂದ.

“ಭೀಮಾ ಬ್ರಿಜ್ಜಿನ ಮ್ಯಾಲ ಇದು ಹಾರಿದ್ರ?”

“ಹಾರಂಗಿಲ್ರಿ. ತೊಗರಿ ಕಟಗಿ ಭಾಳ ಗಟ್ಟಿ.”

“ಗಟ್ಟಿ ಅದಂತ ಟಾಯರ್‌ಗೂ ಗೊತ್ತಾಗೇದ ಬಿಡೋ” ಎಂದಳು ಅಕ್ಕ. ಆತ ನಕ್ಕ. ಅಕ್ಕ ನಗಲಿಲ್ಲ. “ಇದರ ಮ್ಯಾಲ ನಾ ಇವರಿಗೆ ಕೂಡಿಸಿಕೊಂಡು ಹೋಗಂಗಿಲ್ಲ. ಹಂಗಂತ ನಾಳಿ ತಪ್ಪಿಸೋದೂ ಇಲ್ಲ. ಗಾಲಿ ತರಬೇಕು.”

ಗಿಡದ ಬುಡದಿಂದ ಮಾಮಾ ಹೇಳಿದರು, “ಗಾಲಿ ಬಿರುಕು ಬಿಟ್ಟ ಬಂಡಿ ಸಂತಿಗೆ ಹೂಡಬಾರದು. ಅವಳ ಮಾತು ಖರೇ ಅದ.” ಒಂದು ಗಳಿಗೆ ಬಿಟ್ಟು ಸಣ್ಣ ದನಿಯಲ್ಲಿ, “ದಾರಿ ನಾನೇ ತೋರ್ಸಿದ್ದು” ಎಂದರು. ಅಕ್ಕ ಜಾಕ್ ತೆಗೆಯಲು ಡಿಕ್ಕಿಯ ಕಡೆ ಹೋದಳು.

ಬಾಡಿಗೆ ಜೀಪಿನವನು ಅಫಜಲಪುರದ ಮಾವನ ಮನೆಯ ಹೊಲಕ್ಕೆ ಹೋಗಿದ್ದ. ನಾಳೆ ಸಂಜೆ ಬರುತ್ತೇನೆಂದು ಫೋನಿನಲ್ಲಿ ಹೇಳಿದ. ನಾನು ಜೇವರ್ಗಿಯ ಟೈರು ಅಂಗಡಿಯವನಿಗೆ ಫೋನ್ ಮಾಡಿದೆ. ಹಿಂದೆ ಅವನ ಬಳಿ ಟೈರು ಕೊಂಡಿದ್ದೆ, ನಂಬರು ಇತ್ತು.

“ಇವತ್ತ ಎಲ್ಲಿ ಟಾಯರ್ ರೀ? ಇವತ್ತ ಚರಗ! ಅಂಗಡಿ ಬಂದ್ ಅದ, ನಾ ಹೊಲದಾಗ ಇದ್ದೇನಿ.”

ವಿಷಯ ಹೇಳಿದೆ. ಅವನು ಹೊಲದ ಗುರುತು ಕೊಟ್ಟ. “ಬರ್ರಿ ಮತ್ತ. ಚಾವಿ ನನ್ನ ಹತ್ರನೇ ಅದ.”

ಬಾಜು ಹೊಲದವನ ಬೈಕು ತೆಗೆದುಕೊಂಡು ಹೊರಟೆ. ದಾರಿ ಕೇಳಲು ಒಂದು ಕಡೆ ನಿಲ್ಲಿಸಿದ್ದೇ ತಪ್ಪಾಯಿತು. ಆ ಹೊಲದವರು ದಾರಿ ಹೇಳುವ ಮೊದಲು ಕಡಬು ಕೈಗಿಟ್ಟರು. ನಿಂತೇ ತಿಂದೆ. ಟೈರು ಅಂಗಡಿಯವನ ಹೊಲಕ್ಕೆ ಮುಟ್ಟಿದಾಗ ಹೊತ್ತು ಇಳಿಯತೊಡಗಿತ್ತು. ಅಲ್ಲಿ ಆತನ ತಾಯಿ ಚಾಪೆ ಕೊಡವಿ ಹಾಸಿದಳು.

“ಕೂಡ್ರಿ. ಉಣ್ರಿ.”

“ಉಂಡ ಬಂದೇನಿ ಅವ್ವಾ, ಭಾಳ ಜಲ್ದಿ ಅದ.”

“ಹೊಲಕ್ಕ ಬಂದವ ಉಣದ ಹೋದ್ರ ನಮ್ಮ ಹೊಲ ಏನಂದೀತೋ ಯಪ್ಪಾ? ಟಾಯರ್ ಎಲ್ಲಿ ಓಡಿ ಹೋಗತದ? ಓಡೋದ ಅದರ ಕೆಲಸ ಖರೇ, ಆದ್ರ ನನ್ನ ಮಗ ಬಾಗಲಾ ಹಾಕಿ ಬಂದಾನ.”

ವಾದ ಮಾಡಿದರೆ ಇನ್ನೂ ತಡವಾಗುತ್ತದೆ ಎಂದು ಕೂತು ಉಂಡೆ. ಆಕೆ ಕೇಳಿದಳು, “ಯಾರಿಗೆ ಆರಾಮಿಲ್ಲ?” ಹೇಳಿದೆ. ಆಕೆ ಬಡಿಸುವ ಕೈ ತಡೆದು ಮಗನ ಕಡೆ ತಿರುಗಿದಳು. “ಏಳಲೇ, ಏಳು. ಉಂಡದ್ದು ಸಾಕು. ಬಾಗಲಾ ತಗಿ ಹೋಗು.”

ಆತ ತನ್ನ ಕಾರಿನಲ್ಲಿ ಮುಂದೆ, ನಾನು ಬೈಕಿನಲ್ಲಿ ಹಿಂದೆ. ಜೇವರ್ಗಿಯ ಬಜಾರು ಖಾಲಿ ಹೊಡೆಯುತ್ತಿತ್ತು. ಆತ ಶಟರ್ ಎತ್ತಿದ. ನಮ್ಮ ಅಳತೆಯ ಟೈರು ಅಂಗಡಿಯಲ್ಲಿ ಒಂದೇ ಒಂದು ಇತ್ತು. ಮೇಲಿನ ಹಲಗೆಯಿಂದ ಇಳಿಸಿ, ಧೂಳು ಒರೆಸಿ, ನೆಲದ ಮೇಲೆ ಪುಟಿಸಿ ತೋರಿಸಿದ. ಹಲ್ಲು ಒಂದೂ ಸವೆದಿರಲಿಲ್ಲ. ಹೊಸದರ ವಾಸನೆ ಮಾತ್ರ ಇರಲಿಲ್ಲ.

ಯಾವ ಕಾಗದ ಕೈಗೆ ಬಂದರೂ ಮೊದಲು ತಾರೀಖು ನೋಡುವುದು ನಮ್ಮ ಕಸುಬಿನ ಅಭ್ಯಾಸ. ಟೈರಿಗೂ ತಾರೀಖು ಇರುತ್ತದೆ. ಪಕ್ಕೆಯ ಮೇಲೆ ನಾಲ್ಕು ಅಂಕಿ ಅಚ್ಚೊತ್ತಿರುತ್ತಾರೆ. ಮೊದಲೆರಡು ವಾರದ್ದು, ಉಳಿದೆರಡು ವರ್ಷದ್ದು. ತಿರುಗಿಸಿ ಹುಡುಕಿದೆ. ನಾನು ಈ ಕಾರು ಕೊಳ್ಳುವುದಕ್ಕೂ ಮೊದಲಿನ ಟೈರು ಅದು. ಪಕ್ಕೆಯನ್ನು ಬೆರಳಿನಿಂದ ಅಗಲಿಸಿದರೆ ಕೂದಲೆಳೆಯಂಥ ಬಿರುಕುಗಳು ಕಂಡವು. ರಬ್ಬರು ಓಡದಿದ್ದರೂ ಮುಪ್ಪಾಗುತ್ತದೆ.

“ಹಳೇದದ್ರಿ” ಎಂದು ಆತನೇ ಒಪ್ಪಿಕೊಂಡ. “ಖರೇ ಹೇಳ್ತೇನಿ, ಉಳಕೊಂಡಿದ್ದು. ಸಸ್ತಾ ಕೊಡ್ತೇನಿ, ನಾಳಿ ಒಂದ ದಿನದ ಕೆಲಸಕ್ಕ ನಡೀತದ.”

“ನಿಮ್ಮ ಅವ್ವಗ ಇದರ ಮ್ಯಾಲ ಕೂಡಿಸಿಕೊಂಡು ಕಲಬುರಗಿಗೆ ಹೋಗ್ತೀರೇನ್ರಿ?”

ಕೆಣಕಲು ಕೇಳಿದ್ದಲ್ಲ. ಉತ್ತರ ಬೇಕಿತ್ತು. ಆತ ಹೌದು ಎಂದಿದ್ದರೆ ಬಹುಶಃ ತೆಗೆದುಕೊಂಡು ಹೋಗುತ್ತಿದ್ದೆ. ಬೇರೆ ದಾರಿ ಇರಲಿಲ್ಲ. ಆತ ಟೈರನ್ನು ಉರುಳಿಸಿಕೊಂಡು ಹೋಗಿ ಅಂಗಡಿಯ ಹಿಂಬದಿಯ ಗುಜರಿಯ ರಾಶಿಗೆ ದಬ್ಬಿದ. ಹೊರಗೆ ಬಂದು ತನ್ನ ಕಾರಿನ ಡಿಕ್ಕಿ ಎತ್ತಿದ. ಅವನದೂ ನಮ್ಮ ಕಾರಿನ ಮಾದರಿಯೇ ಎಂಬುದು ಆಗ ನನ್ನ ಗಮನಕ್ಕೆ ಬಂತು.

“ನನ್ನ ಸ್ಟೆಪ್ನಿ ಒಯ್ರಿ. ರಿಮ್ ಸಮೇತ ಅದ, ಹಂಗೇ ಕೂಡತದ. ಹೊಸ ಟಾಯರ್ ಬಂದ ಮ್ಯಾಲ ವಾಪಸ್ ಕೊಡ್ರಿ.” ಮೀಟರ್ ಹಚ್ಚಿ ಹವಾ ನೋಡಿದ. ಕಡಿಮೆ ಇತ್ತು. ಆತನಿಗೇ ನಗು ಬಂತು. “ಊರ ಮಂದಿ ಗಾಡಿಗೆಲ್ಲ ಹವಾ ಹೊಡೀತೇನಿ, ನನ್ನದು ನೋಡೋರ ಇಲ್ಲ.” ಕಂಪ್ರೆಸರ್ ಚಾಲು ಮಾಡಿ ತುಂಬಿದ. ಗಾಲಿಯನ್ನು ಬೈಕಿನ ಹಿಂದೆ ಹಗ್ಗದಿಂದ ಬಿಗಿದು, ಅಲುಗಾಡಿಸಿ ನೋಡಿ ಕಳಿಸಿದ.

ಹೊಲಕ್ಕೆ ಬರುವಾಗ ಇನ್ನೂ ಬೆಳಕಿತ್ತು. ನಾನು ಹೋದಾಗಿನಿಂದ ಅಕ್ಕ ಕೂತಿರಲಿಲ್ಲ. ಎರೆಯಲ್ಲಿ ಜಾಕ್ ಇಟ್ಟರೆ ಕಾರು ಏಳುವುದಿಲ್ಲ, ಜಾಕೇ ಇಳಿಯುತ್ತದೆ. ಅದಕ್ಕೆಂದೇ ಅವಳು ಡಿಕ್ಕಿಯಲ್ಲಿ ದಪ್ಪನೆಯ ಜಾಲಿ ಹಲಗೆಯೊಂದನ್ನು ಇಟ್ಟಿರುತ್ತಾಳೆ. ಅದರ ಮೇಲೆ ಜಾಕ್ ಕೊಟ್ಟು, ಉಳಿದ ಗಾಲಿಗಳಿಗೆ ಹೆಂಟೆ ಅಡ್ಡ ಕೊಟ್ಟು, ಮುಂದಿನ ಗಾಲಿ ಬದಲಿಸಿಬಿಟ್ಟಿದ್ದಳು. ಅಷ್ಟಕ್ಕೇ ನಿಂತಿರಲಿಲ್ಲ. ಕಾರಿನಿಂದ ಒಡ್ಡಿನವರೆಗೆ, ಎರಡು ಗಾಲಿಗಳ ಅಗಲಕ್ಕೆ ಸರಿಯಾಗಿ, ಕೂಳೆಗಳನ್ನು ಗುದ್ದಲಿಯಿಂದ ಬುಡಸಮೇತ ಕೀಳುತ್ತಿದ್ದಳು. ಬಾಜು ಹೊಲದವನು ಇನ್ನೊಂದು ಸಾಲು ಹಿಡಿದಿದ್ದ. ಮಾಮಾ ಕೌದಿ ಹೊದ್ದು ಗಿಡದ ಬುಡದಲ್ಲಿ ಕೂತು ಅಲ್ಲಿಂದಲೇ ಉಸ್ತುವಾರಿ ಮಾಡುತ್ತಿದ್ದರು.

“ಅಲ್ಲೊಂದು ಬಿಟ್ಟೀದಿ ನೋಡು. ಎಡಕ್ಕ. ಎಡಕ್ಕಂದ್ರ ನಿನ್ನ ಎಡಕ್ಕ ಅಲ್ಲ, ನನ್ನ ಎಡಕ್ಕ.”

“ನಿಮ್ಮ ಎಡಾ ನಂಬಿನೇ ಇಲ್ಲಿ ತನಾ ಬಂದೇವಿ. ಸುಮ್ಮ ಕೂಡ್ರಿ.”

ಮಾಮಾ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಅಕ್ಕ ಗುದ್ದಲಿ ಊರಿಕೊಂಡು ನಿಂತು, ಮತ್ತೆ ಬಗ್ಗಿದಳು.

ತಂದ ಗಾಲಿ ಕೂಡಿಸಿದೆವು. ನಟ್‌ಗಳನ್ನು ಒಂದರ ಪಕ್ಕ ಒಂದಲ್ಲ, ಎದುರುಬದುರು ಹಿಡಿದು ಬಿಗಿದೆವು. ಬಾಜು ಹೊಲದವನು ಕಳಚಿದ ಗಾಲಿಯಿಂದ ಕೂಳೆಯ ತುಂಡನ್ನು ಇಕ್ಕಳದಿಂದ ಎಳೆದು ನೋಡಿದ. ಅಲುಗಿದ್ದೇ ತಡ ಭಸ್ ಎಂದು ಹವಾ ಹೊರಬಂತು, ಟೈರು ನಮ್ಮ ಕಣ್ಣ ಮುಂದೆಯೇ ಚಪ್ಪಟೆಯಾಯಿತು. ಆತ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಕಿರುಬೆರಳಿನಷ್ಟೂ ಇರಲಿಲ್ಲ. “ನಾಳಿ ಬ್ರಿಜ್ಜಿನ ಮ್ಯಾಲ ಹಿಂಗ ಆಗಿದ್ರ...” ಎಂದ. ಅಕ್ಕ ಕಿತ್ತ ದಾರಿಯ ಮೇಲೆ, ನಡಿಗೆಯ ವೇಗದಲ್ಲಿ, ಕಾರನ್ನು ಒಡ್ಡಿಗೆ ತಂದಳು. ನಾನು ಮುಂದೆ ಮುಂದೆ ನಡೆದು ನೆಲ ನೋಡಿದೆ.

ಮರುದಿನ ಬೆಳಗ್ಗೆ ಹೊರಸಿನ ಮೇಲಿಂದ ಪ್ರಶ್ನೆಗಳು ಎಂದಿನಂತೆ ಬಂದವು. ಒಂದು ಉತ್ತರ ಮಾತ್ರ ಬದಲಾಗಿತ್ತು.

“ನಾಕೂ ನೋಡಿದೇನ ಬೇ?”

“ನಾಕೇ ಅವ ಇವತ್ತ. ಸ್ಟೆಪ್ನಿ ಇಲ್ಲ.”

“ಮತ್ತ?”

“ಮತ್ತೇನು, ಹೋಗೋದು. ಸಾವಕಾಶ ಹೋಗೋದು.”

ನಾನೂ ಜೊತೆಗೆ ಹೋದೆ. ಬದಲಿಸಿದ ಗಾಲಿಯ ನಟ್ ಸ್ವಲ್ಪ ದೂರ ಓಡಿದ ಮೇಲೆ ಸಡಿಲಾಗುವುದುಂಟು. ಜೇವರ್ಗಿ ದಾಟಿ ಒಂದು ಬೇವಿನ ಗಿಡದ ಹತ್ತಿರ ಅಕ್ಕ ಕಾರು ನಿಲ್ಲಿಸಿ, ಪಾನಾ ತೆಗೆದು ಎರಡೂ ಗಾಲಿಗೆ ಮತ್ತೊಮ್ಮೆ ಹಚ್ಚಿ ನೋಡಿದಳು. ಒಂದು ನಟ್ ಅರೆ ಸುತ್ತು ತಿರುಗಿತು. ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ಭೀಮೆಯ ಸೇತುವೆಯ ಮೇಲೆ ನಾನು ಬಲಗಡೆಯ ಹಿಂದಿನ ಗಾಲಿಯ ಸದ್ದನ್ನೇ ಕೇಳುತ್ತಿದ್ದೆ. ಬೇರೆ ಗಾಲಿಗಳಿಗಿಂತ ಬೇರೆಯಾಗಿ ಅದು ಏನೂ ಹೇಳಲಿಲ್ಲ. ಸರದಿಗೆ ಮುಂಚೆಯೇ ಆಸ್ಪತ್ರೆ ಮುಟ್ಟಿದೆವು. ಮಾಮಾನ ಕೈಗೆ ಸೂಜಿ ಹಾಕಿ ಯಂತ್ರ ಶುರು ಮಾಡಿದ ಮೇಲೆ ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತು, ಅಮಾವಾಸ್ಯೆಯ ಉಳಿದ ಹೋಳಿಗೆ ಬಿಚ್ಚಿದಳು. ಹಿಂದಿನ ಮಧ್ಯಾಹ್ನದಿಂದ ಅವಳು ಏನನ್ನೂ ಉಂಡಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಹೊಸ ಟೈರುಗಳು ಬಂದವು. ಅಂಗಡಿಯವನ ಸ್ಟೆಪ್ನಿ ಮರಳಿಸಿದೆವು, ಹವಾ ತುಂಬಿಸಿಯೇ. ಆತನ ತಾಯಿಗೆಂದು ಅಕ್ಕ ಕಡಬು ಕಟ್ಟಿಕೊಟ್ಟಿದ್ದಳು.

ಮುಂಗಾರು ಬಿದ್ದಾಗ ನಾನು ಕೊಳಕೂರಿಗೆ ಹೋಗಿದ್ದೆ. ತೊಗರಿ ಬಿತ್ತನೆ ನಡೆದಿತ್ತು. ಒಡ್ಡಿನ ಮೇಲೆ ಕಾರು ನಿಲ್ಲಿಸಿ, ಮಾಮಾ ಒಳಗೇ ಕೂತು ಬಾಗಿಲು ತೆರೆದು ನೋಡುತ್ತಿದ್ದರು. ಕೂರಿಗೆಯ ಹಿಂದೆ ಅಕ್ಕ ನಡೆಯುತ್ತಿದ್ದಳು. ಒಡ್ಡಿನಿಂದ ಬನ್ನಿಗಿಡದ ತನಕ, ಕಾರಿನ ಅಗಲಕ್ಕಿಂತ ಒಂದು ಮೊಳ ಹೆಚ್ಚಿಗೆ, ಒಂದು ಪಟ್ಟಿಯನ್ನು ಅವಳು ಬಿತ್ತದೆ ಬಿಟ್ಟಿದ್ದಳು. ಮಾಮಾ ತಡೆಯಲಾರದೆ ಕೂಗಿದರು.

“ಏ ಬೇ! ಇಂಥಾ ಎರಿ ಖಾಲಿ ಬಿಡ್ತಾರೇನು? ನಮ್ಮಪ್ಪ ನೋಡಿದ್ರ ಎದ್ದು ಬಂದಾನ!”

“ಬರ್ಲಿ” ಎಂದಳು ಅಕ್ಕ, ತಿರುಗಿ ನೋಡದೆ. “ಎಳ್ಳ ಅಮಾಸಿಗೆ ನೀವು ಗಿಡದ ಬುಡಕ ಕೂತು ಉಣ್ಣಬೇಕಲ್ಲ. ಆ ದಾರಿ ಅದು.”

ಮಾಮಾ ಬಿತ್ತದ ಪಟ್ಟಿಯ ಮೇಲೆ ಕಣ್ಣಿಟ್ಟು, “ಜರಾ ಎಡಕ್ಕ ಸರಸ್ಬೇಕಿತ್ತು” ಎಂದರು.